ರೋಟರಿ ಎಂಜಿನ್ ಬಿಚ್ಚುವ ಮೊದಲು: ಹಳೆಯ ಆರ್‌ಎಕ್ಸ್-7ರ ದೋಷ ಹುಡುಕುವ ದಾರಿ

"ಎಂಜಿನ್ ಹೋಗೇತ್ರಿ, ಬಿಚ್ಚಬೇಕು." ನಮ್ಮ 1983ರ ಮಜ್ದಾ ಆರ್‌ಎಕ್ಸ್-7 ಕಾರು ನೋಡಿದ ಮೂವರು ಮೆಕ್ಯಾನಿಕ್‌ಗಳೂ ಇದನ್ನೇ ಹೇಳಿದರು. ಇಂಗ್ಲೆಂಡಿನಿಂದ ಊರಿಗೆ ಮರಳಿದ ಸೋದರಮಾವ ಜೊತೆಗೆ ತಂದ ಗಾಡಿ ಇದು. ಈಗ ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆಯ ಶೆಡ್ಡಿನಲ್ಲಿದೆ. ಖಂಡೆಪೂಜೆಗೆ ತೊಳೆಯಲು ಅಂಗಳಕ್ಕೆ ತೆಗೆದಿದ್ದೆವು. ಅರ್ಧ ನಿಮಿಷ ಓಡಿತ್ತು ಅಷ್ಟೇ, ಆಫ್ ಮಾಡಿದೆವು. ತೊಳೆದು, ಹೂವು ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಸೆಲ್ಫ್ ಹೊಡೆದರೆ ಹಿಡಿಯಲೇ ಇಲ್ಲ. ಇದರದು ರೋಟರಿ ಎಂಜಿನ್, ಆ ಮೂವರೂ ಪಿಸ್ಟನ್ ಎಂಜಿನ್‌ನಲ್ಲಿ ಪಳಗಿದವರು. ಕಂಪ್ರೆಶನ್ (ಒಳಗೆ ಗಾಳಿ ಒತ್ತಿ ಹಿಡಿಯುವ ಬಲ) ಇಲ್ಲ ಎಂದು ಅವರು ಕಂಡಿದ್ದು ನಿಜವೇ. ಕಾರಣ ಮಾತ್ರ ಬೇರೆ ಇತ್ತು. ಕೊನೆಗೆ ಎರಡು ಚಮಚ ಎಣ್ಣೆಯಲ್ಲಿ ಗಾಡಿ ಎದ್ದಿತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ರೋಟರಿ ಎಂಜಿನ್ ಒಮ್ಮೆ ಬಿಚ್ಚಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಹೊಸವೇ ಬೇಕು. ಅವು ಹೊರದೇಶದಿಂದ ಬರಬೇಕು. ಸುಮ್ನೆ ಅನುಮಾನದ ಮೇಲೆ ಬಿಚ್ಚುವ ಎಂಜಿನ್ ಅಲ್ಲ ಇದು. ಕೆಳಗಿನದೆಲ್ಲ 12ಎ ಎಂಜಿನ್, ಕಾರ್ಬೊರೇಟರ್ ಇರುವ ಮೊದಲ ತಲೆಮಾರಿನ ಆರ್‌ಎಕ್ಸ್-7 ಲೆಕ್ಕಕ್ಕೆ. ಇದು 1978ರಿಂದ 1985ರವರೆಗೆ ತಯಾರಾದ ಮಾದರಿ.

ಒಳಗೆ ಏನಿದೆ, ಎರಡೇ ಮಾತಿನಲ್ಲಿ

ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಮೂರು ಮೂಲೆಯ ಎರಡು ರೋಟರ್‌ಗಳು, ಒಂದೊಂದೂ 573 ಸಿಸಿ. ಪ್ರತಿ ಮೂಲೆಯ ತುದಿಯಲ್ಲಿ ಒಂದು ಎಪೆಕ್ಸ್ ಸೀಲ್, ಅಂದರೆ ಸೋರಿಕೆ ತಡೆಯುವ ಲೋಹದ ಪಟ್ಟಿ, ಕುಳಿತು ಸುತ್ತಲಿನ ಕವಚವಾದ ಹೌಸಿಂಗ್‌ನ ಗೋಡೆಯನ್ನು ಒರೆಸುತ್ತಾ ಹೋಗುತ್ತದೆ. ಪಕ್ಕದಲ್ಲಿ ಸೈಡ್ ಸೀಲ್‌ಗಳು. ರೋಟರ್ ಒಂದು ಸುತ್ತು ಹಾಕಿದರೆ ಶಾಫ್ಟ್ ಮೂರು ಸುತ್ತು ಹಾಕುತ್ತದೆ. ಪ್ರತಿ ರೋಟರ್‌ಗೆ ಎರಡು ಪ್ಲಗ್: ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್.

ಈ ಸೀಲುಗಳು ಎಣ್ಣೆಯ ತೆಳು ಪದರದ ಮೇಲೆ ಬದುಕುತ್ತವೆ. ಪದರ ತೊಳೆದು ಹೋದರೆ ಚೆನ್ನಾಗಿರುವ ಎಂಜಿನ್ ಕೂಡ ಸತ್ತಂತೆ ಕಾಣುತ್ತದೆ. ಇದೊಂದು ತಲೆಯಲ್ಲಿರಲಿ.

ಕೈ ಹಾಕುವ ಮೊದಲು

ಶೆಡ್ಡಿನ ಬಾಗಿಲು ಪೂರ್ತಿ ತೆರೆದಿರಲಿ. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಜೀವ ತೆಗೆಯುತ್ತದೆ. ಪೆಟ್ರೋಲ್ ಕೆಲಸಕ್ಕೆ ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವಂತೆ ಇಡಿ. ಒಂದು ಬಕೆಟ್ ಮರಳೂ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಬಾರದು. ಗಾಡಿಯ ಕೆಳಗೆ ಹೋಗುವುದಾದರೆ ಬರೀ ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ.

ಪೆಟ್ರೋಲ್ ಪೈಪುಗಳನ್ನು ಮೊದಲು ನೋಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಇರುತ್ತದೆ. 40 ವರ್ಷ ಹಳೆಯ ರಬ್ಬರ್ ಅದನ್ನು ತಡೆಯುವುದಿಲ್ಲ. ಪೈಪನ್ನು ಬೆರಳಲ್ಲಿ ಬಗ್ಗಿಸಿ. ಬಿರುಕು ಬಾಯಿ ಬಿಟ್ಟರೆ, ಅಥವಾ ಮುಟ್ಟಿದಾಗ ಅಂಟಂಟಾಗಿ ಬೆರಳಿಗೆ ಕಪ್ಪು ಹತ್ತಿದರೆ, ಸೆಲ್ಫ್ ಹೊಡೆಯುವ ಮಾತೇ ಬೇಡ. ಎಥನಾಲ್ ತಡೆಯುವ ಹೊಸ ಪೈಪ್ ಹಾಕಿದ ಮೇಲೆಯೇ ಮುಂದಿನದು.

ವರ್ಷಗಟ್ಟಲೆ ನಿಂತ ಗಾಡಿ ಆದರೆ ಒಮ್ಮೆಲೇ ಸೆಲ್ಫ್ ಹೊಡೆಯಬೇಡಿ. ನಾಲ್ಕೂ ಪ್ಲಗ್ ತೆಗೆದು ಪ್ರತಿ ರೋಟರ್‌ಗೆ ಒಂದಿಷ್ಟು ಎಣ್ಣೆ ಬಿಡಿ. ಮುಂದಿನ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಿ. ಎದುರು ನಿಂತು ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು. ಹಿಂದಕ್ಕೆ ತಿರುಗಿಸಬೇಡಿ. ಬಿಗಿಯಾಗಿ ನಿಂತರೆ ಬಲ ಹಾಕಬೇಡಿ, ಎಣ್ಣೆ ಇಂಗಲು ಎರಡು ದಿನ ಬಿಡಿ.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಜಾಸ್ತಿ ಜನ ಇಲ್ಲಿಯೇ ಸೋಲುತ್ತಾರೆ. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಮೊದಲು ಬ್ಯಾಟರಿ. ರೋಟರಿಗೆ ಸೆಲ್ಫ್ ಜೋರಾಗಿ ತಿರುಗಬೇಕು, ನಿಮಿಷಕ್ಕೆ ಸುಮಾರು 250 ಸುತ್ತು. ನಿಧಾನ ತಿರುಗಿದರೆ ಒಳ್ಳೆಯ ಸೀಲುಗಳೂ ಗಾಳಿ ಹಿಡಿಯುವುದಿಲ್ಲ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೇಲೆ ಮೀಟರ್ ಹಿಡಿಯಿರಿ. 10 ವೋಲ್ಟ್‌ಗಿಂತ ಕೆಳಗೆ ಇಳಿದರೆ ಬ್ಯಾಟರಿ, ಟರ್ಮಿನಲ್ ಮತ್ತು ಎಂಜಿನ್‌ಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನು ಮೊದಲು ಸರಿ ಮಾಡಿ. ತುಕ್ಕು ಹಿಡಿದ ಪಟ್ಟಿಯನ್ನು ಉಜ್ಜಿ ಸ್ವಚ್ಛ ಮಾಡಲು ಒಂದು ತುಂಡು ಪಾಲಿಶ್ ಪೇಪರ್ ಸಾಕು.

ಆಮೇಲೆ ಓವರ್‌ಫ್ಲೋ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕೂಡಲೇ ಆಫ್ ಮಾಡಿದ್ದೀರಾ? ನಮ್ಮ ಖಂಡೆಪೂಜೆಯ ದಿನ ಆದದ್ದು ಇದೇ. ಚೋಕ್ ಎಳೆದಾಗ ಬಂದ ಜಾಸ್ತಿ ಪೆಟ್ರೋಲ್ ಒಳಗೇ ಉಳಿದು ಗೋಡೆಯ ಎಣ್ಣೆ ತೊಳೆಯುತ್ತದೆ. ಕಂಪ್ರೆಶನ್ ಬೀಳುತ್ತದೆ. ಮತ್ತೆ ಸೆಲ್ಫ್ ಹೊಡೆದಷ್ಟೂ ಇನ್ನಷ್ಟು ಪೆಟ್ರೋಲ್. ಸೆಲ್ಫ್‌ನ ಸದ್ದು ಕೇಳಿ: ಎಲ್ಲೂ ತಡೆಯಿಲ್ಲದೆ ಒಂದೇ ಸಮನೆ ಗಿರ್ರ್ ಎಂದು ತಿರುಗಿದರೆ ಓವರ್‌ಫ್ಲೋ ಎಂದೇ ಮೊದಲು ತಿಳಿಯಿರಿ. ಕೆಳಗಿನ ಪ್ಲಗ್ ತೆಗೆದು ನೋಡಿ. ತುದಿ ಒದ್ದೆಯಾಗಿ ಹೊಳೆಯುತ್ತಿರುತ್ತದೆ, ಮೂಗಿನ ಹತ್ತಿರ ತಂದರೆ ಪೆಟ್ರೋಲ್ ವಾಸನೆ ಹೊಡೆಯುತ್ತದೆ.

ಪರಿಹಾರ ಹೀಗೆ. ಪೆಟ್ರೋಲ್ ಪಂಪಿನ ಕನೆಕ್ಟರ್ ಕಳಚಿ. ಎರಡೂ ಕಾಯಿಲ್‌ಗಳ ಕರೆಂಟ್ ತಪ್ಪಿಸಿ. ಇದನ್ನು ಮರೆಯಬೇಡಿ, ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುವಾಗ ಒಂದು ಕಿಡಿ ಸಾಕು. ಕೆಳಗಿನ ಎರಡೂ ಪ್ಲಗ್ ತೆಗೆಯಿರಿ. ತೂತುಗಳ ಮೇಲೆ ಸಡಿಲವಾಗಿ ಬಟ್ಟೆ ಹೊದಿಸಿ, ಐದೈದು ಸೆಕೆಂಡಿನಂತೆ ಮೂರ್ನಾಲ್ಕು ಸಲ ಸೆಲ್ಫ್ ಹೊಡೆಯಿರಿ. ನಡುವೆ ಸೆಲ್ಫ್ ಮೋಟರ್ ತಣಿಯಲು ಬಿಡಿ. ಬಟ್ಟೆ ಒದ್ದೆಯಾಗುತ್ತದೆ, ಅದನ್ನು ದೂರ ಇಡಿ. ಹತ್ತು ನಿಮಿಷ ಆವಿ ಹೋಗಲಿ. ನಂತರ ಪ್ರತಿ ರೋಟರ್‌ಗೆ ಒಂದು ಚಮಚ, ಅಂದರೆ ಸುಮಾರು 5 ಎಂಎಲ್ ಎಂಜಿನ್ ಆಯಿಲ್ ಬಿಟ್ಟು, ಕೈಯಿಂದ ತಿರುಗಿಸಿ, ಒಣಗಿದ ಪ್ಲಗ್ ಹಾಕಿ. ವೈರ್ ಎಲ್ಲ ಜೋಡಿಸಿ ಚೋಕ್ ಇಲ್ಲದೆ ಸೆಲ್ಫ್ ಹೊಡೆಯಿರಿ. ಹಿಡಿದ ಕೂಡಲೇ ಓಣಿ ತುಂಬ ಹೊಗೆ ಬರುತ್ತದೆ. ಗಾಬರಿ ಬೇಡ, ನೀವು ಹಾಕಿದ ಎಣ್ಣೆ ಅದು. ಈಗ ಮಾತ್ರ ಪೂರ್ತಿ ಬಿಸಿಯಾಗುವವರೆಗೆ ಆಫ್ ಮಾಡಬೇಡಿ.

ಮತ್ತೆ ಮತ್ತೆ ಓವರ್‌ಫ್ಲೋ ಆಗುತ್ತಿದ್ದರೆ ಕಾರ್ಬೊರೇಟರ್ ನೋಡಬೇಕು. ಈ ಗಾಡಿಯ ನಿಕ್ಕಿ ಕಾರ್ಬೊರೇಟರ್‌ನಲ್ಲಿ ಒಂದು ಒಳ್ಳೆಯ ಅನುಕೂಲ ಇದೆ: ಫ್ಲೋಟ್ ಬಟ್ಟಲಿಗೆ ಸಣ್ಣ ದುಂಡು ಗಾಜು. ಟಾರ್ಚ್ ಹಿಡಿದು ನೋಡಿದರೆ ಪೆಟ್ರೋಲಿನ ಮಟ್ಟ ಗೆರೆಯಂತೆ ಕಾಣುತ್ತದೆ. ಗಾಜಿನ ನಡುವೆ ಇದ್ದರೆ ಸರಿ. ಗಾಜು ಪೂರ್ತಿ ತುಂಬಿದ್ದರೆ ಪೆಟ್ರೋಲ್ ತಡೆಯುವ ನೀಡಲ್ ಸರಿಯಾಗಿ ಕೂರುತ್ತಿಲ್ಲ, ಅಥವಾ ಕಚರಾ ಸಿಕ್ಕಿದೆ. ಯಾರೋ ಮಾಡಿಫಿಕೇಶನ್ ಹೆಸರಿನಲ್ಲಿ ದೊಡ್ಡ ಪಂಪ್ ಹಾಕಿದ್ದರೆ ಅದೂ ಕಾರಣ. ಈ ಕಾರ್ಬೊರೇಟರ್‌ಗೆ 3 ಪಿಎಸ್ಐ ಆಸುಪಾಸಿನ ಒತ್ತಡ ಸಾಕು. ಇಂಜೆಕ್ಷನ್ ಗಾಡಿಯ ಪಂಪ್ ಹಾಕಿದರೆ ನೀಡಲ್ ಅದನ್ನು ತಡೆದು ನಿಲ್ಲಿಸಲಾರದು. ಗಾಜು ಖಾಲಿ ಕಂಡರೆ ಪಂಪ್, ಫಿಲ್ಟರ್ ಕಡೆ ಹೋಗಿ.

ಪ್ಲಗ್ ಒಣಗಿದೆ, ಪೆಟ್ರೋಲೂ ಸರಿ ಇದೆ ಅಂದರೆ ಕರೆಂಟ್. ಟೈಮಿಂಗ್ ಲೈಟಿನ ಕ್ಲಿಪ್ಪನ್ನು ನಾಲ್ಕೂ ಪ್ಲಗ್ ವೈರ್‌ಗಳಿಗೆ ಒಂದೊಂದಾಗಿ ಹಾಕಿ ಸೆಲ್ಫ್ ಹೊಡೆಸಿ. ಮಿಂಚಿದರೆ ಕರೆಂಟ್ ಇದೆ. ಪ್ಲಗ್ ತೆಗೆದು ಕಿಡಿ ನೋಡುವುದಕ್ಕಿಂತ ಇದು ಎಷ್ಟೋ ಸುರಕ್ಷಿತ. ಎಲೆಕ್ಟ್ರಾನಿಕ್ ಇಗ್ನಿಶನ್ ಇರುವ ಡಿಸ್ಟ್ರಿಬ್ಯೂಟರ್‌ನ ಪಕ್ಕದಲ್ಲಿ ಕಿಡಿ ಹೊಡೆಸುವ ಸಣ್ಣ ಎಲೆಕ್ಟ್ರಾನಿಕ್ ಡಬ್ಬಿಗಳಾದ ಎರಡು ಇಗ್ನೈಟರ್‌ಗಳಿವೆ, ಎರಡೂ ಒಂದೇ ಥರದವು. ಲೀಡಿಂಗ್‌ದು ಸತ್ತಿದೆ ಅನಿಸಿದರೆ ಎರಡನ್ನೂ ಅದಲು ಬದಲು ಮಾಡಿ. ದೋಷ ಟ್ರೇಲಿಂಗ್ ಕಡೆಗೆ ಹೋದರೆ ಇಗ್ನೈಟರ್ ಹೋಗಿದೆ ಎಂದು ಖಾತ್ರಿ. ಖರ್ಚಿಲ್ಲದ ಪರೀಕ್ಷೆ.

ಪ್ಲಗ್ ವಿಷಯದಲ್ಲಿ ಒಂದು ಮಾತು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾರಿನ ಪ್ಲಗ್ ಚೂಡಿ ಹೊಂದಿದರೂ ಹಾಕಬೇಡಿ. ತುದಿ ಒಳಗೆ ಚಾಚಿಕೊಂಡರೆ ಎಪೆಕ್ಸ್ ಸೀಲಿಗೆ ಬಡಿಯುತ್ತದೆ. ರೋಟರಿಯ ಪ್ಲಗ್ಗೇ ತರಿಸಿ.

ಮೂರು ಉಸಿರು

ಇಷ್ಟಾದರೂ ಹಿಡಿಯದಿದ್ದರೆ, ಅಥವಾ ಇನ್ನು ಮುಂದೆ ಬರುವ ಯಾವ ಲಕ್ಷಣಕ್ಕೂ ಎಂಜಿನ್ ಮೇಲೆ ಅನುಮಾನ ಬಂದರೆ, ಮೊದಲು ಕಿವಿಯಿಂದ ಪರೀಕ್ಷೆ ಮಾಡಿ. ಪಂಪ್ ಮತ್ತು ಕಾಯಿಲ್ ಕರೆಂಟ್ ತಪ್ಪಿಸಿ. ಮುಂದಿನ ರೋಟರ್‌ನ ಕೆಳಗಿನ ಪ್ಲಗ್ ಮಾತ್ರ ತೆಗೆಯಿರಿ. ಇನ್ನೊಬ್ಬರು ಒಳಗೆ ಕೂತು ಆಕ್ಸಿಲರೇಟರ್ ನಿಧಾನವಾಗಿ ಒಂದೇ ಸಲ ಪೂರ್ತಿ ಒತ್ತಿ ಹಿಡಿಯಲಿ, ಪಂಪ್ ಮಾಡಿದರೆ ಪೆಟ್ರೋಲ್ ಚಿಮ್ಮುತ್ತದೆ. ಸೆಲ್ಫ್ ಹೊಡೆಸಿ, ಮುಖವನ್ನು ಫ್ಯಾನಿನಿಂದಲೂ ತೂತಿನ ನೇರದಿಂದಲೂ ದೂರ ಇಟ್ಟು ಕೇಳಿ.

ಫುಸ್, ಫುಸ್, ಫುಸ್. ಸೆಕೆಂಡಿಗೆ ನಾಲ್ಕರಷ್ಟು, ಎಲ್ಲವೂ ಒಂದೇ ಜೋರು. ಇದು ಆರೋಗ್ಯವಾಗಿರುವ ರೋಟರ್. ರೋಟರ್‌ನ ಮೂರು ಮುಖಗಳು ಸರದಿಯಂತೆ ಉಸಿರು ಬಿಡುತ್ತಿರುತ್ತವೆ. ಒಂದು ಜೋರು, ಎರಡು ಸಪ್ಪೆ, ಮತ್ತೆ ಒಂದು ಜೋರು ಎರಡು ಸಪ್ಪೆ ಅಂದರೆ ಒಂದು ಎಪೆಕ್ಸ್ ಸೀಲ್ ಹೋಗಿದೆ. ಒಂದು ಸೀಲು ಎರಡು ಮುಖಗಳ ನಡುವಿನ ಗೋಡೆ ಅಲ್ವಾ, ಅದು ಹೋದರೆ ಎರಡೂ ಕಡೆ ಸೋರುತ್ತದೆ. ಒಂದೇ ಮುಖ ಸಪ್ಪೆ ಆದರೆ ಅನುಮಾನ ಸೈಡ್ ಸೀಲ್ ಕಡೆ. ಮೂರೂ ಒಂದೇ ಸಮ ಸಪ್ಪೆ ಆದರೆ ಸವೆತ, ಇಲ್ಲವೇ ಎಣ್ಣೆ ತೊಳೆದು ಹೋಗಿದೆ, ಇಲ್ಲವೇ ಬ್ಯಾಟರಿ ಸಾಲದು. ಪ್ಲಗ್ ಮತ್ತೆ ಹಾಕಿ ಹಿಂದಿನ ರೋಟರ್‌ಗೂ ಹೀಗೆಯೇ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ ನಿಧಾನಗತಿಯಲ್ಲಿ ಕೇಳಿದರೆ ಇನ್ನೂ ಸ್ಪಷ್ಟ.

ಗೇಜ್ ಇದ್ದರೆ ಎಂಜಿನ್ ಬಿಸಿ ಇರುವಾಗ ಅಳೆಯಿರಿ. ಮಾಮೂಲಿ ಕಂಪ್ರೆಶನ್ ಗೇಜ್‌ನ ಪೈಪ್ ತುದಿಯ ವಾಲ್ವ್ ಪಿನ್ ತೆಗೆಯಬೇಕು. ಅದು ಇದ್ದರೆ ಮೂರು ಮುಖಗಳಲ್ಲಿ ದೊಡ್ಡ ಅಂಕಿಯನ್ನು ಮಾತ್ರ ಹಿಡಿದು ತೋರಿಸಿ ಮೋಸ ಮಾಡುತ್ತದೆ. ಪಿನ್ ತೆಗೆದರೆ ಮುಳ್ಳು ಕುಣಿಯುತ್ತದೆ. ಆ ಕುಣಿತ ಸಮ ಇದೆಯಾ ನೋಡಿ. ಮಜ್ದಾ ಹೇಳುವ ಕೆಳಗಿನ ಮಿತಿ 250 ಸುತ್ತಿನಲ್ಲಿ ಚದರ ಸೆಂ.ಮೀ.ಗೆ 6 ಕೆಜಿ, ಅಂದರೆ 85 ಪಿಎಸ್ಐ. ಮುಖಗಳ ನಡುವೆ ವ್ಯತ್ಯಾಸ 1.5 ಕೆಜಿ ದಾಟಬಾರದು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳುವು. ಅಂಕಿ ಸ್ವಲ್ಪ ಕಡಿಮೆ ಬಂದ ಮಾತ್ರಕ್ಕೆ ಎಂಜಿನ್‌ಗೆ ಮರಣಪತ್ರ ಬರೆಯಬೇಡಿ.

ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಸ್ಟಾರ್ಟ್ ಆಗಲ್ಲ

ಊರಲ್ಲಿ ಒಂದು ಸುತ್ತು ಹಾಕಿ ಚಹಾಕ್ಕೆ ನಿಲ್ಲಿಸಿದಿರಿ, ಹತ್ತು ನಿಮಿಷ ಬಿಟ್ಟು ಹೊಡೆದರೆ ಹಿಡಿಯುವುದಿಲ್ಲ. ಅರ್ಧ ತಾಸು ಬಿಟ್ಟರೆ ಹಿಡಿಯುತ್ತದೆ. ಸುಲಭದ ಕಾರಣಗಳು ಎರಡು. ಒಂದು, ಬಿಸಿಗೆ ಸೆಲ್ಫ್ ಮೋಟರ್ ನಿಧಾನವಾಗುವುದು. ಇನ್ನೊಂದು, ಬಿಸಿಗೆ ಇಗ್ನೈಟರ್ ಕೈಕೊಡುವುದು. ಹಿಡಿಯದಿರುವ ಹೊತ್ತಿನಲ್ಲೇ ಟೈಮಿಂಗ್ ಲೈಟ್ ಹಾಕಿ ನೋಡಿ, ತಣ್ಣಗಾದ ಮೇಲೆ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಇವೆರಡೂ ಸರಿ ಇದ್ದು ಈ ತೊಂದರೆ ಇದ್ದರೆ ಅದು ಸವೆದ ಸೀಲುಗಳ ಮೊದಲ ಸೂಚನೆ. ಬಿಸಿ ಎಂಜಿನ್‌ನ ಕಂಪ್ರೆಶನ್ ನೋಡಿ.

ಸ್ಲೋನಲ್ಲಿ ನಿಲ್ಲುವುದಿಲ್ಲ, ರೇಸ್ ಏರಿಳಿಯುತ್ತದೆ

ಬಹಳ ಸಲ ಇದು ಗಾಳಿ ಸೋರಿಕೆ. ಈ ಗಾಡಿಯ ಕಾರ್ಬೊರೇಟರ್ ಸುತ್ತ ಸಣ್ಣ ವ್ಯಾಕ್ಯೂಮ್ ಪೈಪುಗಳ ಗೂಡೇ ಇದೆ. ಒಂದೊಂದನ್ನೂ ಕೈಯಿಂದ ಒತ್ತಿ ನೋಡಿ, ಗಟ್ಟಿಯಾಗಿ ಮುರುಕಲಾದದ್ದನ್ನು ಬದಲಿಸಿ. ಕಾರ್ಬೊರೇಟರ್ ತಳದ ಗ್ಯಾಸ್ಕೆಟ್ ಮೇಲೆ ಸ್ಪ್ರೇ ಬಾಟಲಿಯಿಂದ ಬರೀ ನೀರು ಚಿಮುಕಿಸಿ. ರೇಸ್ ಬದಲಾದರೆ ಅಲ್ಲಿಯೇ ಸೋರುತ್ತಿದೆ. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ. ಕೆಳಗೇ ಕೆಂಪಗೆ ಕಾದ ಎಕ್ಸಾಸ್ಟ್ ಇದೆ, ದಯವಿಟ್ಟು ಹಾಗೆ ಮಾಡಬೇಡಿ.

ಮಳೆಗಾಲದಲ್ಲಿ ಇನ್ನೊಂದು ಕಾರಣ: ಟ್ಯಾಂಕಿನೊಳಗೆ ನೀರು. ಎಥನಾಲ್ ತೇವ ಹೀರುತ್ತದೆ. ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ಗಾಡಿ ನಿಲ್ಲಿಸಿದರೆ ತಳದಲ್ಲಿ ನೀರು ಬೇರೆಯಾಗಬಹುದು. ಫಿಲ್ಟರ್‌ನಿಂದ ಸ್ವಲ್ಪ ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಇಡಿ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡುವುದೇ ದಾರಿ.

ಪಿಕಪ್ ಇಲ್ಲ

ನಾಲ್ಕು ವೈರ್‌ಗಳಲ್ಲಿ ಟ್ರೇಲಿಂಗ್‌ನ ಎರಡು ಸತ್ತರೂ ಗಾಡಿ ಓಡುತ್ತದೆ, ಸ್ವಲ್ಪ ಸಪ್ಪೆ ಅಷ್ಟೇ. ಎಷ್ಟೋ ಜನ ವರ್ಷಗಟ್ಟಲೆ ಗೊತ್ತಾಗದೆ ಓಡಿಸುತ್ತಾರೆ. ಲೀಡಿಂಗ್ ಸತ್ತರೆ ಮಾತ್ರ ಎಳೆಯುವುದೇ ಇಲ್ಲ. ವೈರ್ ಅದಲು ಬದಲಾಗಿದ್ದರೆ ಪಟಪಟ ಎಂದು ಹೊಡೆಯುತ್ತದೆ. ಕರೆಂಟ್ ಸರಿ ಇದ್ದು ಮೇಲಿನ ರೇಸಿನಲ್ಲಿ ಮಾತ್ರ ಉಸಿರು ಕಟ್ಟಿದರೆ ಕಾರ್ಬೊರೇಟರ್‌ನ ಎರಡನೇ ಜೋಡಿ ಬಾಯಿ ತೆರೆಯುತ್ತಿಲ್ಲ, ಇಲ್ಲವೇ ಹಳೆಯ ಸೈಲೆನ್ಸರ್ ಒಳಗಿನ ತಗಡು ಮುರಿದು ದಾರಿ ಮುಚ್ಚಿದೆ.

ಏರ್ ಫಿಲ್ಟರ್ ತೆಗೆದು ಓಡಿಸಿದರೆ ಪಿಕಪ್ ಬರುತ್ತದೆ ಎಂಬ ಮಾತು ಕೇಳಬೇಡಿ. ಬಾಗಲಕೋಟೆ, ವಿಜಯಪುರದ ಕಡೆಯ ಬೇಸಿಗೆಯ ಧೂಳು ಒಳಗೆ ಹೋದರೆ ಹೌಸಿಂಗ್‌ನ ಗೋಡೆಯನ್ನು ಪಾಲಿಶ್ ಪೇಪರ್‌ನಂತೆ ಉಜ್ಜುತ್ತದೆ.

ಹೊಗೆ

ನೀಲಿ ಹೊಗೆ ಸ್ವಲ್ಪ ಇದ್ದರೆ ಅದು ಈ ಎಂಜಿನ್‌ನ ಸ್ವಭಾವ. ಸೀಲುಗಳಿಗಾಗಿ ಒಂದು ಸಣ್ಣ ಪಂಪ್ ಬೇಕೆಂದೇ ಎಣ್ಣೆಯನ್ನು ಕಾರ್ಬೊರೇಟರ್ ಮೂಲಕ ಒಳಗೆ ಕಳಿಸುತ್ತದೆ. ಸಾವಿರದಿಂದ ಎರಡು ಸಾವಿರ ಕಿ.ಮೀ.ಗೆ ಒಂದು ಲೀಟರ್ ಇಳಿಯುವುದು ಮಾಮೂಲಿ. ಪಿಸ್ಟನ್ ಗಾಡಿಯವರಿಗೆ ಇದು ವಿಚಿತ್ರ ಅನಿಸುತ್ತದೆ. ನಾನು ಹೇಳುವುದು ಉಲ್ಟಾ: ಎಣ್ಣೆ ಇಳಿಯದೇ ಇದ್ದರೆ ಚಿಂತೆ ಮಾಡಿ. ಪಂಪಿನ ಸಣ್ಣ ಪೈಪು ಮುರಿದಿದೆಯಾ, ಕಟ್ಟಿದೆಯಾ ನೋಡಿ. ಮಾಡಿಫೈ ಮಾಡುವಾಗ ಈ ಪಂಪನ್ನೇ ತೆಗೆದಿದ್ದರೆ ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸಲೇಬೇಕು, ಲೀಟರ್‌ಗೆ 8ರಿಂದ 10 ಎಂಎಲ್. ಹಳೆಯ ಯೆಜ್ಡಿ ಓಡಿಸಿದವರಿಗೆ ಇದು ಹೊಸದಲ್ಲ, ಅಳತೆ ಮಾತ್ರ ಬಹಳ ಕಡಿಮೆ.

ನೀಲಿ ಹೊಗೆ ಜಾಸ್ತಿ ಇದ್ದರೆ ಮೊದಲು ಡಿಪ್‌ಸ್ಟಿಕ್. ಎಣ್ಣೆ ಗುರುತಿಗಿಂತ ಮೇಲಿದ್ದರೆ ಸ್ವಲ್ಪ ಇಳಿಸಿ ನೋಡಿ. ಅದರಿಂದಲೇ ಎಷ್ಟೋ ಹೊಗೆ ನಿಲ್ಲುತ್ತದೆ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ: ಚೋಕ್, ಫ್ಲೋಟ್.

ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬಂದರೆ ಮುಂದಿನ ಭಾಗ ಓದಿ.

ರೇಡಿಯೇಟರ್ ನೀರು ಕಡಿಮೆಯಾಗುತ್ತದೆ, ಗಾಡಿ ಬಿಸಿಯಾಗುತ್ತದೆ

ರೋಟರಿಯನ್ನು ನಿಜವಾಗಿ ಕೊಲ್ಲುವುದು ಇದೇ. ರೋಟರ್ ಹೌಸಿಂಗ್ ಅಲ್ಯುಮಿನಿಯಂ, ಪಕ್ಕದ ಪ್ಲೇಟುಗಳು ಕಬ್ಬಿಣ. ಜಾಸ್ತಿ ಕಾದಾಗ ಎರಡೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ, ನಡುವಿನ ರಬ್ಬರ್ ಸೀಲುಗಳು ಹೋಗುತ್ತವೆ. ಬಿಸಿ ತೋರಿಸುವ ಮೀಟರಿನ ಮುಳ್ಳು ಮಾಮೂಲಿ ಜಾಗ ಬಿಟ್ಟು ಮೇಲೇರಿದ ಕೂಡಲೇ ಬದಿಗೆ ನಿಲ್ಲಿಸಿ. ಗೋವಾದಿಂದ ಚೋರ್ಲಾ ಘಾಟ್ ಹತ್ತುವಾಗ "ಇನ್ನೊಂದು ತಿರುವು ಅಷ್ಟೇ" ಎಂದುಕೊಂಡು ಓಡಿಸಬೇಡಿ.

ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬಾರದು, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ನೋಡಿ. ಮೊದಲು ಅಗ್ಗದವು: ಮುಚ್ಚಳದ ರಬ್ಬರ್, ಪೈಪಿನ ಕ್ಲಿಪ್ಪು, ಬೆಲ್ಟ್, ಥರ್ಮೋಸ್ಟಾಟ್. ಎಂಜಿನ್ ನಿಂತಿರುವಾಗ ಫ್ಯಾನ್ ಕೈಯಿಂದ ತಿರುಗಿಸಿ. ತಡೆಯೇ ಇಲ್ಲದೆ ಗರಗರ ತಿರುಗಿದರೆ ಫ್ಯಾನ್ ಕ್ಲಚ್ ಹೋಗಿದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಹಾಕಿದ ರೇಡಿಯೇಟರ್ ಒಳಗೆ ಬಿಳಿ ಸುಣ್ಣ ಕಟ್ಟಿರುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಮಾತ್ರ ಹಾಕಿ. ಚೆಲ್ಲಿದ ಕೂಲಂಟ್ ಕೂಡಲೇ ತೊಳೆಯಿರಿ. ಅದು ಸಿಹಿಯಾಗಿರುತ್ತದೆ, ವಿಷ ಕೂಡ. ನಾಯಿ, ಮಕ್ಕಳು ಮುಟ್ಟಬಾರದು.

ಇವೆಲ್ಲ ಸರಿ ಇದ್ದರೆ, ತಣ್ಣಗಿನ ಎಂಜಿನ್‌ನ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಒಳಗೆ ಸಿಕ್ಕಿದ ಗಾಳಿಯ ದೊಡ್ಡ ಗುಳ್ಳೆಗಳು ಬಂದು ನಿಂತರೆ ಚಿಂತೆಯಿಲ್ಲ. ಸೋಡಾ ಬಾಟಲಿಯಂತೆ ಸಣ್ಣ ಗುಳ್ಳೆಗಳು ನಿಲ್ಲದೆ ಬಂದರೆ ಕೂಲಂಟ್ ಸೀಲ್ (ಮೇಲೆ ಹೇಳಿದ ರಬ್ಬರ್ ಸೀಲು) ಹೋಗಿದೆ. ಬೆಳಿಗ್ಗೆ ಒಂದೇ ರೋಟರ್‌ನಲ್ಲಿ ನಡುಗುತ್ತಾ ಎದ್ದು, ಬಿಳಿ ಹೊಗೆ ಬಿಟ್ಟು ಆಮೇಲೆ ಸರಿಹೋಗುವುದೂ ಅದೇ ಲಕ್ಷಣ. ಇಲ್ಲಿ ಓಡಿಸುವುದು ನಿಲ್ಲಿಸಿ.

ಆದರೆ ಒಂದು ಸುಳ್ಳು ಲಕ್ಷಣ ಇದೆ. ಮಳೆಗಾಲದಲ್ಲಿ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದರೆ ಒಳಗೆ ಹಾಲಿನ ಕೆನೆಯಂತಹ ಬಿಳಿ ಜಿಡ್ಡು ಅಂಟಿರುತ್ತದೆ. ನಾನೂ ಮೊದಲ ಜುಲೈನಲ್ಲಿ ಎದೆ ಒಡೆದುಕೊಂಡಿದ್ದೆ. ಅದು ಆ ಉದ್ದ ಕೊಳವೆಯಲ್ಲಿ ತಂಪಾದ ತೇವ ಅಷ್ಟೇ. ಒರೆಸಿ, ಡಿಪ್‌ಸ್ಟಿಕ್ ನೋಡಿ. ಅಲ್ಲಿ ಎಣ್ಣೆ ಶುದ್ಧವಿದ್ದರೆ ತೊಂದರೆಯಿಲ್ಲ, ಒಂದು ಉದ್ದ ಓಟ ಓಡಿಸಿ. ಹಾಗೆಯೇ ರೇಡಿಯೇಟರ್‌ನಲ್ಲಿ ಎಣ್ಣೆ ಕಂಡರೆ, ಆಯಿಲ್ ಫಿಲ್ಟರ್ ಕೆಳಗೆ ನೀರಿನ ಆಯಿಲ್ ಕೂಲರ್ ಇರುವ ಮಾದರಿಗಳಲ್ಲಿ ಮೊದಲು ಆ ಕೂಲರ್ ಪರೀಕ್ಷಿಸಿ. ಎಂಜಿನ್ ಬಿಚ್ಚದೆ ಅದನ್ನು ಬದಲಿಸಬಹುದು.

ಎಲ್ಲಿ ನಿಲ್ಲಿಸಬೇಕು

ಉಸಿರು ಒಂದು ಜೋರು ಎರಡು ಸಪ್ಪೆ ಬಂದು, ಎಣ್ಣೆ ಬಿಟ್ಟು ಮತ್ತೆ ನೋಡಿದರೂ ಹಾಗೇ ಇದ್ದರೆ ನಿಲ್ಲಿಸಿ. ಸೋಡಾ ಗುಳ್ಳೆ ಬಂದರೆ ನಿಲ್ಲಿಸಿ. ಒಳಗಿನಿಂದ ಲೋಹದ ಸದ್ದು ಬಂದರೆ ಇನ್ನೊಂದು ಸಲವೂ ಸೆಲ್ಫ್ ಹೊಡೆಯಬೇಡಿ. ಮುರಿದ ಸೀಲಿನ ಚೂರು ಒಳ್ಳೆಯ ಹೌಸಿಂಗನ್ನೂ ಗೀರಿ ಹಾಕುತ್ತದೆ.

ಇನ್ನು ಬಿಚ್ಚುವವರನ್ನು ಆರಿಸುವುದು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಲೇಥ್‌ಗಳಲ್ಲಿ ಆಗದ ಕೆಲಸವಿಲ್ಲ ಎಂದು ನನಗೆ ಹೆಮ್ಮೆ ಇದೆ. ಬ್ರಾಕೆಟ್, ಬುಶ್, ಪುಲ್ಲಿ ಎಲ್ಲ ಅಲ್ಲೇ ಮಾಡಿಸಿದ್ದೇನೆ. ಆದರೆ ಅಲ್ಲಿನ ಗೆಳೆಯರೊಬ್ಬರು ಹೌಸಿಂಗಿನ ಚಿತ್ರ ನೋಡಿ, "ಬೋರ್ ಹೊಡದ ಕೊಡ್ತೀನ್ರಿ ಸಾಹೇಬ್ರ, ಓವರ್‌ಸೈಜ್ ಹಾಕ್ರಿ" ಅಂದರು. ಅದು ದುಂಡು ಸಿಲಿಂಡರ್ ಅಲ್ಲ, ನಡುವೆ ಸೊಂಟವಿರುವ ಅಂಡಾಕಾರ, ಮೇಲೆ ಗಟ್ಟಿ ಕ್ರೋಮ್ ಪದರ. ಬೋರ್ ಹೊಡೆದರೆ ಪದರ ಹೋಯಿತು, ಹೌಸಿಂಗ್ ಹೋಯಿತು. ಅವರಿಗೆ ಕಾಗದದ ಮೇಲೆ ಬರೆದು ತೋರಿಸಿದೆ, ಕೂಡಲೇ ಒಪ್ಪಿಕೊಂಡರು. ರೋಟರಿ ಮೊದಲು ಜೋಡಿಸಿದ ಅನುಭವ ಇರುವವರಿಗೇ ಕೊಡಿ, ದೂರವಾದರೂ ಸರಿ. ಕಳಿಸುವ ಮೊದಲು ಎಂಜಿನ್‌ನ ಎಲ್ಲ ಬಾಯಿಗಳಿಗೆ ಸ್ವಚ್ಛ ಬಟ್ಟೆ ತುರುಕಿ, ಪ್ಲಗ್ ಹಾಕಿ, ಉಸಿರಿನ ರೆಕಾರ್ಡಿಂಗ್ ಮತ್ತು ಗೇಜ್ ಅಂಕಿಗಳನ್ನು ಜೊತೆಗೆ ಕೊಡಿ. ಎಷ್ಟು ತುಂಡು ಬಟ್ಟೆ ತುರುಕಿದಿರಿ ಎಂಬುದನ್ನೂ ಚೀಟಿಯಲ್ಲಿ ಬರೆದು ಎಂಜಿನ್‌ಗೇ ಕಟ್ಟಿ.